ಮದ್ಯತ್ಯಾಗವ್ರತವೂ ದ್ರಾಕ್ಷಾತೋಟದ ಭೋಜನವೂ

ಶ್ರಾವಕಧರ್ಮವೆಂಬ ಮಂದಿರಕ್ಕೆ ಅಷ್ಟಮೂಲಗುಣಗಳೇ ಅಡಿಗಲ್ಲು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಎಂಟು ಮೂಲಗುಣಗಳೆಂದು ಹೇಳಿದರು. ಅನಂತರದ ಆಚಾರ್ಯರು ಅಣುವ್ರತಗಳ ಸ್ಥಾನದಲ್ಲಿ ಐದು ಉದುಂಬರಫಲಗಳ ತ್ಯಾಗವನ್ನು ಎಣಿಸಿದರು. ಎಣಿಕೆ ಯಾವುದೇ ಇರಲಿ, ಎರಡರಲ್ಲಿಯೂ ಮೊದಲು ನಿಲ್ಲುವುದು ಮದ್ಯತ್ಯಾಗವೇ ಆಗಿದೆ.

ಆದರೂ ಜೈನಗೃಹಗಳಲ್ಲಿ ಈ ವ್ರತವನ್ನು ಎಲ್ಲಕ್ಕಿಂತ ಸುಲಭವಾದುದೆಂದು ಭಾವಿಸುವ ವಾಡಿಕೆಯಿದೆ. ಮುತ್ತಜ್ಜನ ಕಾಲದಿಂದಲೂ ಹೊಸಿಲು ದಾಟಿ ಒಳಗೆ ಬಾರದ ವಸ್ತುವನ್ನು ಬಿಡುವುದರಲ್ಲಿ ಕಷ್ಟವೇನು ಎಂದು ಕೇಳುವವರುಂಟು. ಪ್ರಶ್ನೆ ಸಹಜವಾದುದೇ. ಆದರೆ ಹೊಸಿಲೊಳಗೆ ಬಾರದ ವಸ್ತುವಿನ ಬಳಿಗೆ ಮನುಷ್ಯನೇ ನಡೆದುಹೋಗಿ, ಅದರ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕುಳಿತಾಗ ವ್ರತದ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಅಂತಹ ಸಂದರ್ಭಗಳು ಈಗ ಯಾತ್ರಾಮಾರ್ಗದಲ್ಲಿಯೇ ಒದಗುತ್ತಿವೆ.

ಮಹಾರಾಷ್ಟ್ರದ ನಾಸಿಕ ಜಿಲ್ಲೆಯನ್ನು ನೋಡಬಹುದು. ನಾಸಿಕ ನಗರದ ಸಮೀಪದಲ್ಲಿ, ಮ್ಹಸರೂಳ ಗ್ರಾಮದ ಬಳಿ, ಗಜಪಂಥ ಸಿದ್ಧಕ್ಷೇತ್ರವಿದೆ. ಏಳು ಮಂದಿ ಬಲಭದ್ರರೂ ಎಂಟು ಕೋಟಿ ಮುನಿಗಳೂ ಮುಕ್ತಿ ಪಡೆದ ಪುಣ್ಯಭೂಮಿ ಅದು. ಅದೇ ಜಿಲ್ಲೆಯ ಮಾಂಗೀ-ತುಂಗೀ ಗಿರಿಯಲ್ಲಿ 2016ರಲ್ಲಿ 108 ಅಡಿ ಎತ್ತರದ ಭಗವಾನ್ ವೃಷಭದೇವರ ಬಿಂಬವು ಪ್ರತಿಷ್ಠಿತವಾಯಿತು. ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಗಳಿಂದ ಅಲ್ಲಿಗೆ ಯಾತ್ರೆ ಹೋಗುವ ಕುಟುಂಬಗಳು ಅನೇಕ. ಇದೇ ನಾಸಿಕವು ಇಂದು ದೇಶದ ದ್ರಾಕ್ಷಾಮದ್ಯದ ರಾಜಧಾನಿಯೆಂಬ ಹೆಸರನ್ನೂ ಪಡೆದಿದೆ. ಮಹಾರಾಷ್ಟ್ರ ಸರಕಾರವು 2001ರಲ್ಲಿ ದ್ರಾಕ್ಷಿ ಸಂಸ್ಕರಣೆಯ ನೀತಿಯನ್ನು ಪ್ರಕಟಿಸಿದ ಮೇಲೆ ಅಲ್ಲಿ ವೈನ್ ತಯಾರಿಕೆಯ ಘಟಕಗಳು ಹೆಚ್ಚಿದವು. ಕೆಲವುಗಳಲ್ಲಿ ತೋಟದ ನಡುವೆಯೇ ಭೋಜನಗೃಹಗಳೂ ತೆರೆದಿವೆ. ಕರ್ನಾಟಕದಲ್ಲಿಯೂ 2007ರಲ್ಲಿ ಅಂತಹುದೇ ನೀತಿ ಬಂದಿತು. ನಂದಿಬೆಟ್ಟದ ತಪ್ಪಲಲ್ಲಿ ಅದಕ್ಕೂ ಮುಂಚಿನಿಂದಲೇ ಇಂತಹ ತೋಟಗಳುಂಟು. ಹಸಿರು ಬಳ್ಳಿಗಳ ಸಾಲು, ದೂರದಲ್ಲಿ ಬೆಟ್ಟ, ತಂಗಾಳಿ, ಶುಭ್ರವಾದ ಮೇಜು. ನೋಡುವ ಕಣ್ಣಿಗೆ ಅಲ್ಲಿ ಪಾಪದ ಗುರುತೊಂದೂ ಕಾಣಿಸದು.

ಇಲ್ಲಿ ಒಂದು ದೃಷ್ಟಾಂತವನ್ನು ಪರಿಭಾವಿಸಬಹುದು. ಹೆಸರುಗಳು ಬೇಕಿಲ್ಲ, ಇದು ಯಾವ ಮನೆಯಲ್ಲಿಯೂ ನಡೆಯಬಹುದಾದ ಸಂಗತಿ.

ಅಥಣಿ ಸೀಮೆಯ ಒಬ್ಬ ಶ್ರಾವಕನು ದ್ರಾಕ್ಷಿ ಬೆಳೆದು, ಒಣದ್ರಾಕ್ಷಿ ಮಾಡಿ ಮಾರುವವನು. ಕೊಳವೆಬಾವಿಗೂ ಹನಿನೀರಾವರಿಗೂ ಮಾಡಿದ ಸಾಲ ಅವನ ಹೆಗಲ ಮೇಲಿತ್ತು. ನಾಸಿಕದ ಒಂದು ವೈನರಿಯ ಖರೀದಿ ಅಧಿಕಾರಿಯು, ಈಗಿರುವ ಬಳ್ಳಿಗಳನ್ನು ತೆಗೆದು ಮದ್ಯಕ್ಕೆ ಯೋಗ್ಯವಾದ ಶಿರಾಜ್ ಮುಂತಾದ ತಳಿಗಳನ್ನು ನೆಟ್ಟರೆ ಹಲವು ವರ್ಷಗಳ ಕರಾರು ಮಾಡಿಕೊಳ್ಳುವುದಾಗಿ ತಿಳಿಸಿದ್ದನು. ದೀಪಾವಳಿಯ ನಂತರ ಶ್ರಾವಕನು ಹೆಂಡತಿ ಮತ್ತು ಮಗನೊಡನೆ ಗಜಪಂಥದ ಯಾತ್ರೆಗೆ ಹೊರಟಾಗ, ದರ್ಶನ ಮುಗಿಸಿ ಮಧ್ಯಾಹ್ನದ ಊಟಕ್ಕೆ ತಮ್ಮ ತೋಟದ ಭೋಜನಗೃಹಕ್ಕೆ ಬರಬೇಕೆಂದು ಆ ಅಧಿಕಾರಿ ಆದರದಿಂದ ಕರೆದನು. 'ಕುಡಿಯುವುದಂತೂ ಇಲ್ಲ, ಅನ್ನ ಉಂಡು ಬಂದರೆ ದೋಷವೇನು?' ಎಂದುಕೊಂಡು ಶ್ರಾವಕನು ಒಪ್ಪಿದನು.

ಬೆಟ್ಟವಿಳಿಯುವ ಮುನ್ನ ಅವನ ಹೆಂಡತಿಯು ಜಿನಬಿಂಬದ ಮುಂದೆ ನಿಂತು, 'ಇಂದು ಕ್ಷೇತ್ರದ ಭೋಜನಶಾಲೆಯ ಆಹಾರ ಮತ್ತು ಜೊತೆಗೆ ತಂದ ಸೋಸಿದ ನೀರು, ಇವೆರಡರ ಹೊರತು ಬೇರೇನೂ ಇಲ್ಲ' ಎಂದು ನಿಯಮ ಮಾಡಿದಳು. ತೋಟದ ಬಾಗಿಲಿಗೆ ಬಂದೊಡನೆ ಅಧಿಕಾರಿಗೆ ಕೈಮುಗಿದು ಅದನ್ನು ತಿಳಿಸಿದಳು. ಅವನಿಗೆ ಬೇಸರವಾಗಲಿಲ್ಲ. ತನ್ನ ತಾಯಿಯೂ ಏಕಾದಶಿಯಂದು ಹೊರಗೆ ನೀರು ಮುಟ್ಟುವುದಿಲ್ಲವೆಂದು ಹೇಳಿ, ಮರದ ನೆರಳಿನಲ್ಲಿ ಆಸನ ಹಾಕಿಸಿ, ಬಳ್ಳಿಗಳ ವಿಚಾರವಾಗಿ ಅವಳೊಡನೆ ಬಹಳ ಹೊತ್ತು ಮಾತನಾಡಿದನು.

ತಂದೆ ಮಗ ಇಬ್ಬರೂ ಮೇಜಿನ ಮುಂದೆ ಕುಳಿತರು. ಮಗನು ನೀರನ್ನು ಮಾತ್ರ ಕುಡಿದನು. ಆದರೆ ಪಕ್ಕದ ಮೇಜುಗಳಲ್ಲಿ ಗಾಜಿನ ಬಟ್ಟಲು ಎತ್ತುತ್ತಿದ್ದವರನ್ನು ನೋಡಿ ಮೂಗು ಮುರಿದು, ಅವರ ನಡೆನುಡಿಗಳನ್ನು ಅಣಕಿಸಿ ನಗುತ್ತಲೇ ಇದ್ದನು. ತಂದೆಯ ಮುಂದೆ ಆಹಾರದ ಪಟ್ಟಿ ಬಂದಿತು. ಹಸಿರು ಚುಕ್ಕೆಯಿದ್ದ ಒಂದು ಅಕ್ಕಿಯ ಅಡುಗೆಯನ್ನು ಅವನು ಆರಿಸಿದನು. ರಿಸೊಟ್ಟೊ ಎಂಬ ಇಟಲಿಯ ಅನ್ನ ಅದು. ಅದರಲ್ಲಿ ಏನೇನು ಸೇರುತ್ತದೆಂದು ಕೇಳಬೇಕೆಂಬ ಮಾತು ಅವನ ನಾಲಗೆಯ ತುದಿಗೆ ಬಂದು ಅಲ್ಲಿಯೇ ನಿಂತಿತು. ಅತಿಥೇಯನು ಏನೆಂದುಕೊಂಡಾನು, ಕರಾರಿಗೆ ಅಡ್ಡಿಯಾದೀತೆ ಎಂಬ ಅಳುಕಿನಿಂದ ಅವನು ಕೇಳದೆ ಉಂಡನು. ಊಟ ಮುಗಿದ ಮೇಲೆ ಅಡುಗೆಯವನು ತಾನಾಗಿ ಬಂದು, ಈ ತೋಟದ ಬಿಳಿ ವೈನನ್ನೇ ಹಾಕಿ ಅಕ್ಕಿಯನ್ನು ಬೇಯಿಸಿದುದಾಗಿ ಸಂತೋಷದಿಂದ ಹೇಳಿದನು.

ಇಲ್ಲಿ ಕೆಲವು ಸಂಗತಿಗಳನ್ನು ಶ್ರಾವಕರು ಸ್ಪಷ್ಟವಾಗಿ ಅರಿತಿರುವುದು ಅವಶ್ಯಕ. ಹಸಿರು ಚುಕ್ಕೆಯು ಮಾಂಸವಿಲ್ಲವೆಂದು ಮಾತ್ರ ಸಾರುತ್ತದೆ. ಮದ್ಯವಿಲ್ಲವೆಂದು ಅದು ಹೇಳುವುದಿಲ್ಲ. ಕುದಿಸಿದರೆ ಮದ್ಯಾಂಶವೆಲ್ಲ ಆವಿಯಾಗಿ ಹೋಗುತ್ತದೆಂಬ ನಂಬಿಕೆಯೂ ತಪ್ಪು. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕಗಳ ಪ್ರಕಾರ 15 ನಿಮಿಷ ಬೇಯಿಸಿದ ಅಡುಗೆಯಲ್ಲಿ ಸುಮಾರು ಶೇಕಡಾ 40ರಷ್ಟು ಮದ್ಯಾಂಶ ಉಳಿಯುತ್ತದೆ. ಎರಡೂವರೆ ಗಂಟೆ ಬೇಯಿಸಿದರೂ ಶೇಕಡಾ 5ರಷ್ಟು ಉಳಿದೇ ಇರುತ್ತದೆ. ಹಸಿ ತರಕಾರಿಗಳ ಮೇಲೆ ಸುರಿಯುವ ಹುಳಿಯು ಎಷ್ಟೋ ವೇಳೆ ವೈನಿನಿಂದಲೇ ಆದ ವಿನೆಗರ್ ಆಗಿರುತ್ತದೆ. ರಿಸೊಟ್ಟೊವಿನ ಮೇಲೆ ತುರಿದು ಹಾಕುವ ಪಾರ್ಮೆಸಾನ್ ಗಿಣ್ಣನ್ನು ಸಂಪ್ರದಾಯದಂತೆ ಎಳೆಗರುವಿನ ಜಠರದಿಂದ ತೆಗೆದ ರಸದಿಂದ ಹೆಪ್ಪುಗಟ್ಟಿಸುತ್ತಾರೆ.

ವೈನ್ ಹುಟ್ಟುವ ಬಗೆಯನ್ನು ನೋಡಿದರೆ ಆಚಾರ್ಯರ ಮಾತಿನ ಗಾಂಭೀರ್ಯ ತಿಳಿಯುತ್ತದೆ. ಜಜ್ಜಿದ ದ್ರಾಕ್ಷಿಯ ರಸದಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆಯಾಗಿ ಬೆಳೆದು, ಸಕ್ಕರೆಯನ್ನು ಉಂಡು, ಅದನ್ನು ಮದ್ಯಾಂಶವಾಗಿಯೂ ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೂ ಮಾರ್ಪಡಿಸುತ್ತವೆ. ಕೊನೆಗೆ ಅವು ಸತ್ತು ತೊಟ್ಟಿಯ ತಳದಲ್ಲಿ ಮಡ್ಡಿಯಾಗಿ ಇಳಿಯುತ್ತವೆ. ಸಾಮಾನ್ಯವಾಗಿ ವೈನಿನಲ್ಲಿ ಶೇಕಡಾ 12ರಿಂದ 14ರಷ್ಟು ಮದ್ಯಾಂಶವಿರುತ್ತದೆ. ಅದನ್ನು ತಿಳಿಯಾಗಿಸಲು ಕೆಲವೆಡೆ ಜೇಡಿಮಣ್ಣನ್ನು ಬಳಸಿದರೆ, ಕೆಲವೆಡೆ ಮೊಟ್ಟೆಯ ಬಿಳಿಯನ್ನೂ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನೂ ಬಳಸುತ್ತಾರೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿಯೇ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಮದ್ಯವು ರಸದಲ್ಲಿ ಹುಟ್ಟುವ ಅಸಂಖ್ಯ ಜೀವಿಗಳ ಯೋನಿಸ್ಥಾನವೆಂದೂ, ಅದನ್ನು ಸೇವಿಸುವವನಿಗೆ ಹಿಂಸೆಯು ತಪ್ಪದೆಂದೂ ತಿಳಿಸಿದ್ದಾರೆ. ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ. ಮೋಹಗೊಂಡವನು ಧರ್ಮವನ್ನು ಮರೆಯುತ್ತಾನೆ. ಮರೆತವನು ಶಂಕೆಯಿಲ್ಲದೆ ಹಿಂಸೆಯಲ್ಲಿ ತೊಡಗುತ್ತಾನೆ ಎಂಬುದು ಅವರು ತೋರಿಸುವ ಸೋಪಾನಕ್ರಮ.

ಊರಿಗೆ ಮರಳಿದ ಮೇಲೆ ತಂದೆಯ ಮನಸ್ಸು ನೆಮ್ಮದಿಯಲ್ಲಿರಲಿಲ್ಲ. ಸಮೀಪದಲ್ಲಿ ಬಿಜಯಂಗೈದಿದ್ದ ಮುನಿಗಳ ಬಳಿಗೆ ಮಗನೊಡನೆ ಹೋಗಿ ಆಲೋಚನೆ ಮಾಡಿದನು. 'ಸ್ವಾಮಿ, ತಿಳಿಯದೆ ಉಂಡೆ' ಎಂದನು. ಮುನಿಗಳು ಅವನು ಉಂಡುದನ್ನು ಕುರಿತು ಏನೂ ಕೇಳಲಿಲ್ಲ. 'ತಿಳಿಯುವುದಕ್ಕೆ ಏಕೆ ಹೆದರಿದೆ?' ಎಂದಷ್ಟೇ ಕೇಳಿದರು. ಅವನಲ್ಲಿ ಉತ್ತರವಿರಲಿಲ್ಲ. ಮಗನು, ತಾನು ನೀರಿನ ಹೊರತು ಏನನ್ನೂ ಮುಟ್ಟಲಿಲ್ಲವೆಂದು ಹೆಮ್ಮೆಯಿಂದ ಹೇಳಿದನು. 'ಕುಡಿದವರನ್ನು ನೋಡಿ ನಕ್ಕೆಯಾ?' ಎಂದು ಮುನಿಗಳು ಅವನನ್ನೂ ಕೇಳಿದರು. ಅವನೂ ತಲೆ ತಗ್ಗಿಸಿದನು.

ಆ ಎರಡು ಪ್ರಶ್ನೆಗಳ ಹಿಂದೆ ಆಗಮದ ಆಧಾರವಿದೆ. ಅಭಿಮಾನ, ಭಯ, ಜುಗುಪ್ಸೆ, ಹಾಸ್ಯ, ಅರತಿ, ಶೋಕ, ಕಾಮ, ಕ್ರೋಧ ಇವೆಲ್ಲವೂ ಹಿಂಸೆಯ ಪರ್ಯಾಯಗಳೆಂದೂ, ಇವೆಲ್ಲವೂ ಮದ್ಯದ ಸನ್ನಿಧಿಯಲ್ಲಿಯೇ ಇರುವುವೆಂದೂ ಅಮೃತಚಂದ್ರಾಚಾರ್ಯರು ಹೇಳಿದ್ದಾರೆ. ಕುಡಿದವನಲ್ಲಿ ಇವು ಹುಟ್ಟುವುದು ಎಲ್ಲರಿಗೂ ತಿಳಿದ ಮಾತು. ಕುಡಿಯದವನಲ್ಲಿಯೂ ಇವು ಹುಟ್ಟಬಲ್ಲವೆಂಬುದನ್ನು ಆ ಮಧ್ಯಾಹ್ನವು ತೋರಿಸಿಕೊಟ್ಟಿತು. ತಂದೆಯು ಬಟ್ಟಲನ್ನು ಮುಟ್ಟಲಿಲ್ಲ, ಆದರೆ ಭಯವನ್ನು ಕುಡಿದನು. ಮಗನು ಬಟ್ಟಲನ್ನು ಮುಟ್ಟಲಿಲ್ಲ, ಆದರೆ ಅಭಿಮಾನವನ್ನೂ ಜುಗುಪ್ಸೆಯನ್ನೂ ಕುಡಿದನು. ತಾಯಿಯೊಬ್ಬಳೇ ಅಂಜದೆ, ಯಾರನ್ನೂ ಹಳಿಯದೆ, ತನ್ನ ನಿಯಮವನ್ನು ಮೊದಲೇ ತಿಳಿಸಿ, ಅತಿಥೇಯನ ಸೌಜನ್ಯಕ್ಕೆ ಸೌಜನ್ಯವನ್ನೇ ಸಲ್ಲಿಸಿದಳು. ಮೇಜಿನ ಬಳಿ ಹೋಗಿ ನಿಯಮವನ್ನು ಹುಡುಕುವವನಿಗೆ ಅದು ದೊರೆಯದು. ಮನೆಯಿಂದಲೇ, ಜಿನಸನ್ನಿಧಿಯಿಂದಲೇ ಅದನ್ನು ಒಯ್ಯಬೇಕು.

ತಿಳಿಯದೆ ಆದ ದೋಷಕ್ಕೆ ಪ್ರಾಯಶ್ಚಿತ್ತವುಂಟು. ತಿಳಿದುಬಿಟ್ಟೀತೆಂದು ಅಂಜಿ ಕೇಳದೆ ಉಳಿದುದು ತಿಳಿಯದಿರುವಿಕೆಯಾಗದು, ಅದು ಪ್ರಮಾದ. ಮುನಿಗಳು ತಂದೆಗೂ ಮಗನಿಗೂ ಸಮನಾಗಿ ಮುಂದಿನ ಚತುರ್ದಶಿಯಂದು ಪ್ರೋಷಧೋಪವಾಸವನ್ನು ವಿಧಿಸಿದರು. ತ್ರಯೋದಶಿಯಂದು ಏಕಾಶನ, ಚತುರ್ದಶಿಯಂದು ಉಪವಾಸ, ಮರುದಿನ ಮತ್ತೆ ಏಕಾಶನ. ಹೆದರಿದವನಿಗೂ ಹಳಿದವನಿಗೂ ಒಂದೇ ಪ್ರಾಯಶ್ಚಿತ್ತವಾದುದು ಚಿಂತನೆಗೆ ಯೋಗ್ಯವಾಗಿದೆ.

ಉಪವಾಸದ ಆ ದಿನ ಬಸದಿಯಲ್ಲಿ ಸ್ವಾಧ್ಯಾಯಕ್ಕೆ ಕುಳಿತ ತಂದೆಯ ಮನಸ್ಸಿನಲ್ಲಿ ಕರಾರಿನ ವಿಚಾರ ಮೇಲೆದ್ದಿತು. ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತಕ್ಕೆ 1239ರಲ್ಲಿ ತಾವೇ ಟೀಕೆ ಬರೆದು ಮುಗಿಸಿದರು. ಮೂಲಗುಣಗಳನ್ನು ನಿರತಿಚಾರವಾಗಿ ಪಾಲಿಸುವ ದಾರ್ಶನಿಕ ಶ್ರಾವಕನು ಮದ್ಯಾದಿಗಳ ವ್ಯಾಪಾರವನ್ನು ತಾನು ಮಾಡಬಾರದು, ಇತರರಿಂದ ಮಾಡಿಸಬಾರದು, ಮನ ವಚನ ಕಾಯಗಳಿಂದ ಅನುಮೋದಿಸಲೂ ಬಾರದೆಂಬುದು ಆ ಗ್ರಂಥದ ಅಭಿಪ್ರಾಯ. ಸೇವಿಸುವವರೊಡನೆ ಭೋಜನಾದಿಗಳಲ್ಲಿ ಬೆರೆಯುವುದರಿಂದಲೂ ವ್ರತಕ್ಕೆ ಹಾನಿಯುಂಟೆಂದು ಅಲ್ಲಿಯೇ ಹೇಳಿದೆ. ತಾನು ಉಣ್ಣಬಾರದ ವಸ್ತುವಿಗಾಗಿಯೇ ಬಳ್ಳಿಯನ್ನು ನೆಟ್ಟು, ಅದರ ಫಲದಿಂದ ಮನೆಯ ಅನ್ನ ಬೇಯಿಸುವುದಾದರೆ, ನಾಸಿಕದ ಆ ಮೇಜು ಪ್ರತಿದಿನವೂ ತನ್ನ ಮನೆಯೊಳಗೇ ಇದ್ದಂತಾಗುವುದಲ್ಲವೇ ಎಂದು ಅವನಿಗೆ ತೋರಿತು.

ದ್ರಾಕ್ಷಿಯಲ್ಲಿ ದೋಷವಿಲ್ಲ. ಅದೇ ಹಣ್ಣು ಚಪ್ಪರದ ನೆರಳಿನಲ್ಲಿ ಗಾಳಿಗೆ ಒಣಗಿದರೆ ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಪೂಜೆಯ ಹರಿವಾಣಕ್ಕೂ ಸಲ್ಲುತ್ತದೆ. ಹುಳಿತು ಕೊಳೆತರೆ ಬುದ್ಧಿಯನ್ನು ಕೆಡಿಸುತ್ತದೆ. ಫಲ ಒಂದೇ, ದಾರಿ ಎರಡು. ಆರಿಸುವ ಹೊಣೆ ಮನುಷ್ಯನದು. ಶ್ರಾವಕನು ಅಧಿಕಾರಿಗೆ ಆದರದಿಂದ ವಂದನೆ ತಿಳಿಸಿ, ತನ್ನ ವ್ರತಕ್ಕೆ ಈ ಕರಾರು ಒಗ್ಗದೆಂದು ಕಾಗದ ಬರೆದನು. ಬೇರೆ ನೆಪವನ್ನು ಹೇಳಲಿಲ್ಲ. ಸಾಲ ತೀರಲು ಮತ್ತೆ ಮೂರು ಹಂಗಾಮುಗಳು ಬೇಕಾದುವು. ಮಗನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ವ್ರತಕ್ಕೆ ಬೆಲೆಯಿದೆ, ಆ ಬೆಲೆಯನ್ನು ತೆತ್ತ ದಿನವೇ ಅದು ತನ್ನದಾಗುತ್ತದೆ. ಅಲ್ಲಿಯವರೆಗೆ ಅದು ಹಿರಿಯರಿಂದ ಬಂದ ವಾಡಿಕೆ ಮಾತ್ರ.

ಇದನ್ನು ಓದಿ ನಾಸಿಕದ ಕಡೆಗೆ ಬೆರಳು ತೋರಿಸುವ ಮುನ್ನ ಪ್ರತಿಯೊಂದು ಮನೆಯೂ ತನ್ನ ಅಡುಗೆಮನೆಯ ಕಡೆಗೆ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಸಂಧಾನವೆನಿಸುವ ಉಪ್ಪಿನಕಾಯಿಗಳು, ಎರಡು ದಿನ ಕಳೆದ ಮೊಸರು ಮಜ್ಜಿಗೆ, ಬೂಷ್ಟು ಹಿಡಿದ ಗಂಜಿ, ಇವೂ ಮದ್ಯತ್ಯಾಗವ್ರತಕ್ಕೆ ಮಲವೆಂದೇ ಆಶಾಧರರು ಎಣಿಸಿದ್ದಾರೆ. ದೂರದ ತೊಟ್ಟಿಯನ್ನು ನೋಡಿ ಅಸಹ್ಯಪಡುವ ಮನೆಯ ಅಟ್ಟದ ಮೇಲೆ ವರ್ಷ ಕಳೆದ ಜಾಡಿ ಇರಬಾರದು.

ಆದುದರಿಂದ ಯಾತ್ರೆಗೋ ಉದ್ಯೋಗಕ್ಕೋ ಹೊರಡುವ ಶ್ರಾವಕ ಶ್ರಾವಿಕೆಯರು ಭೋಗೋಪಭೋಗಪರಿಮಾಣವನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡಬೇಕು. ಕಾಲದ ಮಿತಿಯಿಟ್ಟು ಮಾಡಿದುದು ನಿಯಮ, ಜೀವನಪರ್ಯಂತ ಮಾಡಿದುದು ಯಮ ಎಂದು ಸಮಂತಭದ್ರಾಚಾರ್ಯರು ವಿಂಗಡಿಸಿದ್ದಾರೆ. ಯಮವು ಕಠಿನವೆನಿಸಿದವರು ಒಂದು ದಿನದ ನಿಯಮದಿಂದ ಆರಂಭಿಸಬಹುದು. ಕರೆದವರಿಗೆ ಮುಂಚಿತವಾಗಿ ವಿನಯದಿಂದ ತಿಳಿಸಬೇಕು. ಸಂದೇಹವಿದ್ದಲ್ಲಿ ಅಂಜದೆ ಕೇಳಬೇಕು. ಉತ್ತರ ದೊರೆಯದಿದ್ದಲ್ಲಿ ಉಣ್ಣದೆ ಇರಬೇಕು. ಒಂದು ಹೊತ್ತಿನ ಹಸಿವು ಅನಶನತಪದ ಮೊದಲ ಮೆಟ್ಟಿಲು. ಬೇರೆ ದಾರಿಯಲ್ಲಿರುವವರನ್ನು ಕಂಡರೆ ಮಾಧ್ಯಸ್ಥ್ಯಭಾವವಿರಬೇಕು, ನಗೆಯಿರಬಾರದು. ಹೀಗೆ ಭಯವನ್ನೂ ಅಭಿಮಾನವನ್ನೂ ಒಟ್ಟಿಗೆ ಬಿಟ್ಟಾಗ ಮದ್ಯತ್ಯಾಗವು ಪೂರ್ಣವಾಗುತ್ತದೆ.

ಭವ್ಯಜೀವಿಗಳೆಲ್ಲರಿಗೂ ಸದ್ಧರ್ಮವೃದ್ಧಿಯಾಗಲಿ.