ಹಗ್ಗ ಹಿಡಿದವನ ಹೊಣೆ

ತನಗೆ ತಿಳಿಯದ ವಿಷಯದಲ್ಲಿ ತಿಳಿದವನನ್ನು ನಂಬದೆ ಮನುಷ್ಯನಿಗೆ ಬದುಕಲು ಸಾಧ್ಯವಿಲ್ಲ. ರೋಗಿ ವೈದ್ಯನನ್ನು ನಂಬುತ್ತಾನೆ. ಪ್ರಯಾಣಿಕ ಚಾಲಕನನ್ನು ನಂಬುತ್ತಾನೆ. ವಿದ್ಯಾರ್ಥಿ ಅಧ್ಯಾಪಕನನ್ನು ನಂಬುತ್ತಾನೆ. ಆದರೆ ಹೀಗೆ ನಂಬುವಾಗ ನಾವು ಏನನ್ನು ಒಪ್ಪಿಸುತ್ತೇವೆ, ಏನನ್ನು ನಮ್ಮ ಬಳಿಯೇ ಉಳಿಸಿಕೊಳ್ಳುತ್ತೇವೆ? ನಂಬಿಕೆಗೆ ಪಾತ್ರನಾದವನಿಗೆ ಸಿಗುವುದು ಅಧಿಕಾರವೋ, ಅವನ ಮೇಲೆ ಬೀಳುವುದು ಹೊಣೆಯೋ? ದಿನನಿತ್ಯದ ಗಡಿಬಿಡಿಯಲ್ಲಿ ಈ ಪ್ರಶ್ನೆ ಎದ್ದು ಕಾಣುವುದಿಲ್ಲ. ಅದು ಸ್ಪಷ್ಟವಾಗಿ ಕಾಣುವ ಜಾಗವೊಂದಿದೆ. ಅದು ಮರುಭೂಮಿಯ ಕಡಿದಾದ ಬಂಡೆ. ಅಲ್ಲಿ ಒಂದು ಹಗ್ಗದ ಎರಡು ತುದಿಗಳಲ್ಲಿ ಇಬ್ಬರಿರುತ್ತಾರೆ. ಒಬ್ಬನಿಗೆ ದಾರಿ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ.

ಜೋರ್ಡಾನ್ ದೇಶದ ದಕ್ಷಿಣದಲ್ಲಿ, ಅಕಬಾ ಬಂದರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ವಾದಿ ರಮ್ ಎಂಬ ಕಣಿವೆಯಿದೆ. ಕೆಂಪು ಮರಳಿನ ನೆಲದಿಂದ ನೇರವಾಗಿ ಎದ್ದು ನಿಂತ ಮರಳುಗಲ್ಲಿನ ಬೆಟ್ಟಗಳು ಅಲ್ಲಿಯ ವಿಶೇಷ. ಬುಡದಲ್ಲಿ ಪುರಾತನ ಗ್ರಾನೈಟ್, ಅದರ ಮೇಲೆ ಸುಮಾರು 50 ಕೋಟಿ ವರ್ಷಗಳಷ್ಟು ಹಳೆಯ ಮರಳುಗಲ್ಲಿನ ಪದರಗಳು. ಜಬಲ್ ರಮ್ ಬೆಟ್ಟದ ಎತ್ತರ 1,700 ಮೀಟರ್‌ಗೂ ಹೆಚ್ಚು. ಕಣಿವೆಯ ಬಂಡೆಗಳ ಮೇಲೆ ಸುಮಾರು 25,000 ರೇಖಾಚಿತ್ರಗಳೂ 20,000 ಶಾಸನಗಳೂ ಇವೆ. 2011ರಲ್ಲಿ ಯುನೆಸ್ಕೋ ಈ ಪ್ರದೇಶವನ್ನು ಪ್ರಕೃತಿ ಮತ್ತು ಸಂಸ್ಕೃತಿ ಎರಡರ ದೃಷ್ಟಿಯಿಂದಲೂ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಂದು ಜಗತ್ತಿನ ನಾನಾ ಕಡೆಗಳಿಂದ ಶಿಲಾರೋಹಣಕ್ಕಾಗಿ ಜನ ಅಲ್ಲಿಗೆ ಹೋಗುತ್ತಾರೆ. ಅವರೆಲ್ಲ ಪಳಗಿದ ಆರೋಹಿಗಳಲ್ಲ. ಜೀವನದಲ್ಲಿ ಒಮ್ಮೆಯೂ ಬಂಡೆ ಹತ್ತದವರು, ಮಕ್ಕಳು, ಅರುವತ್ತು ದಾಟಿದವರು ಕೂಡ ಅವರಲ್ಲಿದ್ದಾರೆ. ಬುರ್ದಾ ಎಂಬ ಬೆಟ್ಟದ ಮೇಲಿನ ಕಲ್ಲಿನ ಸೇತುವೆಗೆ ಹೊಸಬರೂ ಹೋಗಿ ಬರುತ್ತಾರೆ. ಕಷ್ಟದ ಒಂದೆರಡು ಕಡೆ ಮಾರ್ಗದರ್ಶಕ ಹಗ್ಗ ಕಟ್ಟುತ್ತಾನೆ.

ಈ ಹಗ್ಗದ ವ್ಯವಸ್ಥೆಯನ್ನು ಸ್ವಲ್ಪ ಅರ್ಥಮಾಡಿಕೊಳ್ಳಬೇಕು. ಮಾರ್ಗದರ್ಶಕ ಮೊದಲು ಹತ್ತುತ್ತಾನೆ. ಹತ್ತುತ್ತಾ ಬಂಡೆಯ ಬಿರುಕುಗಳಲ್ಲಿ ಲೋಹದ ಸಾಧನಗಳನ್ನು ಸಿಕ್ಕಿಸಿ, ಕಲ್ಲಿನ ತೂತುಗಳ ಮೂಲಕ ಪಟ್ಟಿಗಳನ್ನು ಪೋಣಿಸಿ, ಅವುಗಳಿಗೆ ಹಗ್ಗವನ್ನು ಸೇರಿಸುತ್ತಾನೆ. ಅವನು ಜಾರಿದರೆ ಕೊನೆಯ ಸಾಧನದಿಂದ ಎಷ್ಟು ಮೇಲೆ ಹೋಗಿದ್ದನೋ ಅಷ್ಟೇ ದೂರ ಅದರ ಕೆಳಗೂ ಬೀಳುತ್ತಾನೆ. ಅವನು ಮೇಲೆ ಮುಟ್ಟಿ ಭದ್ರವಾಗಿ ನಿಂತ ಬಳಿಕ ಎರಡನೆಯವ ಹತ್ತುತ್ತಾನೆ. ಇವನಿಗೆ ಹಗ್ಗ ಮೇಲಿನಿಂದ ಬಿಗಿಯಾಗಿರುತ್ತದೆ. ಕಾಲು ಜಾರಿದರೂ ಹಗ್ಗ ಹಿಗ್ಗುವಷ್ಟು ಮಾತ್ರ ಕೆಳಗೆ ಬರುತ್ತಾನೆ. ಅರ್ಥಾತ್, ದಾರಿ ತಿಳಿದವನೇ ಹೆಚ್ಚಿನ ಅಪಾಯವನ್ನು ಹೊರುತ್ತಾನೆ, ತಿಳಿಯದವನಿಗೆ ಕಡಿಮೆ ಅಪಾಯ. ನಾಯಕತ್ವದ ಬಗ್ಗೆ ನಾವು ಆಡುವ ದೊಡ್ಡ ದೊಡ್ಡ ಮಾತುಗಳನ್ನು ಇಲ್ಲಿಟ್ಟು ತೂಗಿ ನೋಡಬೇಕು. ಹಿಂಬಾಲಕರನ್ನು ಮುಂದೆ ನೂಕಿ ತಾನು ಹಿಂದೆ ಸುರಕ್ಷಿತವಾಗಿ ನಿಲ್ಲುವವನಿಗೆ ಬಂಡೆಯ ಮೇಲೆ ಮಾರ್ಗದರ್ಶಕ ಎಂಬ ಹೆಸರು ಸಿಗುವುದಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ದಾರಿ ನೇರ ಮೇಲಕ್ಕಿರದೆ ಬಂಡೆಗೆ ಅಡ್ಡಲಾಗಿ ಸಾಗುವಾಗ, ಕಠಿಣ ಹೆಜ್ಜೆಗೆ ಮುಂಚೆ ಸಾಧನ ಸಿಕ್ಕಿಸಿದರೆ ಮುಂದಿರುವವನಿಗೆ ಸಾಕು. ಆ ಹೆಜ್ಜೆ ದಾಟಿದ ಮೇಲೆ ಅವನ ಅಪಾಯ ಮುಗಿಯಿತು. ಆದರೆ ದಾಟಿದ ಬಳಿಕವೂ ಅಲ್ಲೇ ನಿಂತು ಇನ್ನೊಂದು ಸಾಧನ ಸಿಕ್ಕಿಸದಿದ್ದರೆ, ಹಿಂದೆ ಬರುವವನು ಜಾರಿದಾಗ ಗಡಿಯಾರದ ಲೋಲಕದಂತೆ ದೂರಕ್ಕೆ ತೂಗಿ ಬಂಡೆಗೆ ಬಡಿಯುತ್ತಾನೆ. ಆ ಎರಡನೆಯ ಸಾಧನದಿಂದ ಮುಂದಿರುವವನಿಗೆ ಯಾವ ಲಾಭವೂ ಇಲ್ಲ. ಅದು ಹಿಂದಿನವನಿಗಾಗಿ ಮಾತ್ರ. ಒಳ್ಳೆಯ ಮಾರ್ಗದರ್ಶಕನ ಗುರುತು ಇಲ್ಲಿದೆ. ತನ್ನ ಕಷ್ಟ ಮುಗಿದ ಜಾಗದಲ್ಲಿ ಇನ್ನೊಬ್ಬನ ಕಷ್ಟ ಶುರುವಾಗುತ್ತದೆ ಎಂದು ಅವನಿಗೆ ನೆನಪಿರುತ್ತದೆ. ಓದಿ ಮೇಲೆ ಬಂದವರು, ದುಡಿದು ಮೇಲೆ ಬಂದವರು ತಾವು ದಾಟಿದ ಜಾಗದಲ್ಲಿ ಹಿಂದಿನವರಿಗಾಗಿ ಏನನ್ನಾದರೂ ಬಿಟ್ಟು ಬಂದಿದ್ದಾರೆಯೇ ಎಂದು ತಮ್ಮನ್ನೇ ಕೇಳಿಕೊಳ್ಳಬಹುದು.

ಇನ್ನು ಒಂದು ಆಕ್ಷೇಪವನ್ನು ಎದುರಿಸೋಣ. ಇನ್ನೊಬ್ಬ ಹಗ್ಗ ಹಿಡಿದು ಹತ್ತಿಸಿದರೆ ಅದು ನಮ್ಮ ಸಾಧನೆ ಹೇಗಾಗುತ್ತದೆ? ದುಡ್ಡು ಕೊಟ್ಟು ಶಿಖರವನ್ನು ಕೊಂಡಂತಾಗಲಿಲ್ಲವೇ? ಈ ಮಾತಿನಲ್ಲಿ ಸತ್ಯಾಂಶವಿದೆ. ಹೊತ್ತೊಯ್ದವನ ಬೆನ್ನ ಮೇಲೆ ಕುಳಿತು ತಾನೇ ನಡೆದೆನೆಂದು ಹೇಳುವುದು ಸುಳ್ಳು. ಆದರೆ ಹಗ್ಗ ಯಾರನ್ನೂ ಹೊರುವುದಿಲ್ಲ. ಜಾರಿದವನನ್ನು ಹಿಡಿಯುತ್ತದೆ, ಅಷ್ಟೇ. ಕೈಯೂರುವುದು, ಕಾಲಿಡುವುದು, ಹೆದರಿಕೆಯನ್ನು ನುಂಗಿಕೊಳ್ಳುವುದು ಎಲ್ಲವೂ ಹತ್ತುವವನದೇ ಕೆಲಸ. ಮೇಲಾಗಿ, ಯಾರ ಸಹಾಯವೂ ಇಲ್ಲದೆ ಹತ್ತಿದೆನೆನ್ನುವವನ ಹಗ್ಗವನ್ನು ಹೊಸೆದವರು ಯಾರು? ದಾರಿಯನ್ನು ಮೊದಲು ಕಂಡವರು ಯಾರು? ಸ್ವಾವಲಂಬನೆ ಒಳ್ಳೆಯದೇ. ಆದರೆ ಋಣವನ್ನು ಮರೆತ ಸ್ವಾವಲಂಬನೆ ಅಹಂಕಾರದ ಇನ್ನೊಂದು ಹೆಸರು.

ವಾದಿ ರಮ್‌ನಲ್ಲಿ ಈ ಋಣ ಯಾರದೆಂಬುದು ಗುಟ್ಟಲ್ಲ. ಅಲ್ಲಿಯ ಬದೂಯಿನ್ ಬೇಟೆಗಾರರು ಐಬೆಕ್ಸ್ ಎಂಬ ಬಾಗುಕೊಂಬಿನ ಕಾಡುಮೇಕೆಯನ್ನು ಅರಸುತ್ತಾ ತಲೆಮಾರುಗಳಿಂದ ಈ ಬೆಟ್ಟಗಳನ್ನು ಹತ್ತಿಳಿದಿದ್ದರು. ಹಗ್ಗವಿಲ್ಲ, ಅನೇಕ ಸಲ ಕಾಲಿಗೆ ಚಪ್ಪಲಿಯೂ ಇಲ್ಲ. 20ನೇ ಶತಮಾನದ ಮಧ್ಯಭಾಗದಲ್ಲಿ ಚಾರ್ಮಿಯನ್ ಲಾಂಗ್‌ಸ್ಟಾಫ್ ಮತ್ತು ಸಿಲ್ವಿಯಾ ಬ್ರಾನ್‌ಫರ್ಡ್ ಎಂಬ ಇಬ್ಬರು ಮಹಿಳೆಯರು ಜಬಲ್ ರಮ್ ಏರಿದಾಗ ಅವರಿಗೆ ದಾರಿ ತೋರಿಸಿದವರು ಶೇಖ್ ಹಮ್ದಾನ್. 1984ರಲ್ಲಿ ಟೋನಿ ಹೋವರ್ಡ್ ಮತ್ತು ಸಂಗಡಿಗರು ಇಂಗ್ಲೆಂಡಿನಿಂದ ಬಂದಾಗಲೂ ಸ್ಥಳೀಯರೇ ತಮ್ಮ ಹಳೆಯ ದಾರಿಗಳನ್ನು ತೋರಿಸಿದರು. ಹೋವರ್ಡ್ ಆಮೇಲೆ ಬರೆದ ಮಾರ್ಗದರ್ಶಿ ಪುಸ್ತಕದಲ್ಲಿ ಆ ದಾರಿಗಳು ಬದೂಯಿನರ ದಾರಿಗಳೆಂದೇ ದಾಖಲಾದವು. ಕೆಲವಕ್ಕೆ ಅವರದೇ ಹೆಸರುಗಳಿವೆ. ಜಗತ್ತಿನ ಎಷ್ಟೋ ಕಡೆ ಸ್ಥಳೀಯರು ನಡೆದ ದಾರಿಯನ್ನು ಹೊರಗಿನಿಂದ ಬಂದವರು 'ಕಂಡುಹಿಡಿದರು' ಎಂದು ಬರೆದುಕೊಂಡದ್ದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ. ಅದೇ ಬೇಟೆಗಾರರ ಮನೆತನಗಳ ಯುವಕರು ಇಂದು ಮಾರ್ಗದರ್ಶಕರಾಗಿದ್ದಾರೆ.

ಈಗ ಹೊಣೆಯ ಮುಖ್ಯ ಪ್ರಶ್ನೆಗೆ ಬರೋಣ. ಮರಳುಗಲ್ಲು ಎಂದರೆ ಮರಳಿನ ಕಣಗಳನ್ನು ಜೇಡಿ, ಸುಣ್ಣ, ಸಿಲಿಕಾ ಅಥವಾ ಕಬ್ಬಿಣದ ಅಂಶ ಬೆಸೆದು ಆದ ಕಲ್ಲು. ಬೆಸುಗೆ ದುರ್ಬಲವಾಗಿರುವಲ್ಲಿ ಮಳೆಯ ನೀರು ಒಳಗಿಳಿದರೆ ಕಲ್ಲಿನ ಬಲ ಬಹಳಷ್ಟು ಕುಗ್ಗುತ್ತದೆ. ನಿನ್ನೆ ಭದ್ರವಾಗಿದ್ದ ಹಿಡಿ ಇಂದು ಕೈಯಲ್ಲೇ ಮುರಿದು ಬರಬಹುದು. ಸಿಕ್ಕಿಸಿದ ಸಾಧನ ಕಿತ್ತು ಬರಬಹುದು. ಆದುದರಿಂದ ಮಳೆ ಬಂದ ಮೇಲೆ ಒಂದರಿಂದ ಮೂರು ದಿನ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಕಾಯುವುದು ಮರಳುಗಲ್ಲನ್ನು ಬಲ್ಲವರ ನಿಯಮ. ಆದರೆ ಸಮಸ್ಯೆಯೇನೆಂದರೆ, ಮರುಭೂಮಿಯ ಬಿಸಿಲಿಗೆ ಕಲ್ಲಿನ ಮೇಲ್ಮೈ ಬೇಗ ಒಣಗುತ್ತದೆ, ಒಳಗಿನ ತೇವ ಉಳಿಯುತ್ತದೆ. ದೂರದಿಂದ ಬಂದ ಅತಿಥಿಗೆ ಕಾಣುವುದು ಒಣ ಬಂಡೆ, ನೀಲಿ ಆಕಾಶ ಮತ್ತು ವಿಮಾನದ ಟಿಕೆಟಿನ ದಿನಾಂಕ. ಅವನು ಕೇಳುತ್ತಾನೆ: "ಒಣಗಿದೆಯಲ್ಲ, ಹೋಗೋಣವೇ?"

ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಮಾರ್ಗದರ್ಶಕನ ಇಡೀ ನೈತಿಕತೆ ಅಡಗಿದೆ. ಹೂಂ ಎಂದರೆ ಅಂದಿನ ಸಂಬಳ ಸಿಗುತ್ತದೆ. ಬಹುಶಃ ಏನೂ ಆಗದೆ ಇಬ್ಬರೂ ನಗುತ್ತಾ ಇಳಿದು ಬರಬಹುದು. ಬೇಡ ಎಂದರೆ ಸಂಬಳವೂ ಇಲ್ಲ, ಸರಿಯಾಗಿ ನಿರ್ಧರಿಸಿದ್ದಕ್ಕೆ ಸಾಕ್ಷಿಯೂ ಇಲ್ಲ. ಸಂಭವಿಸದ ಅಪಘಾತವನ್ನು ಯಾರೂ ಎಣಿಸುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಗಾಝಾ ಯುದ್ಧ ಶುರುವಾದ ಬಳಿಕ ಜೋರ್ಡಾನಿಗೆ ಹೋಗುವ ಪ್ರವಾಸಿಗರು ಬಹಳ ಕಡಿಮೆಯಾದರು. ಅಂತಹ ದಿನಗಳಲ್ಲಿ ಬಾಗಿಲಿಗೆ ಬಂದ ಒಬ್ಬ ಅತಿಥಿಗೆ "ಇಂದು ಬೇಡ" ಎನ್ನಲು ಎಷ್ಟು ಗಟ್ಟಿ ಮನಸ್ಸು ಬೇಕೆಂದು ಊಹಿಸಬಹುದು. ಹೊಟ್ಟೆ ತುಂಬಿದವನ ಪ್ರಾಮಾಣಿಕತೆಗೂ ಹಸಿದವನ ಪ್ರಾಮಾಣಿಕತೆಗೂ ಬೆಲೆ ಒಂದೇ ಅಲ್ಲ. ಹಾಗೆಂದು ಬಡತನ ಅಪಾಯವನ್ನು ಮನ್ನಿಸುವುದೂ ಇಲ್ಲ.

ಬೇಡ ಎನ್ನಬೇಕಾದ ಗಳಿಗೆಯಲ್ಲಿ ಹಾಗೆನ್ನದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ದೇಶದಲ್ಲಿ ಒಂದು ದುಃಖದ ಉದಾಹರಣೆಯಿದೆ. 2018ರ ಅಕ್ಟೋಬರ್ 25ರಂದು ಮೃತ ಸಮುದ್ರದ ಬಳಿಯ ಕಣಿವೆಯೊಂದಕ್ಕೆ ಶಾಲಾ ಪ್ರವಾಸ ಹೋಗಿತ್ತು. ಮಳೆಯಿಂದ ಹಠಾತ್ತನೆ ನುಗ್ಗಿದ ಪ್ರವಾಹದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಕೊಚ್ಚಿಹೋಗಿ ಸತ್ತರು. ಹೆಚ್ಚಿನವರು ಮಕ್ಕಳು. ಜನರ ಆಕ್ರೋಶಕ್ಕೆ ಶಿಕ್ಷಣ ಸಚಿವರೂ ಪ್ರವಾಸೋದ್ಯಮ ಸಚಿವರೂ ರಾಜೀನಾಮೆ ಕೊಡಬೇಕಾಯಿತು. ಅದು ಶಿಲಾರೋಹಣವಲ್ಲ, ನಿಜ. ಆದರೆ ಪ್ರಶ್ನೆ ಒಂದೇ. ಮಕ್ಕಳಿಗೆ ಆಕಾಶ ನೋಡಿ ಮಳೆ ಅಳೆಯಲು ಬಾರದು. ಅವರ ಪರವಾಗಿ ಅಳೆಯುವ ಕೆಲಸ ದೊಡ್ಡವರದಾಗಿತ್ತು.

ಅಮಾನತು ಎಂಬ ಮಾತು ನಮಗೆ ಅರಬಿಯಿಂದ ಬಂದದ್ದು. ಕನ್ನಡದಲ್ಲಿ ಇಂದು ಅದು ಹೆಚ್ಚಾಗಿ ನೌಕರನನ್ನು ಕೆಲಸದಿಂದ ದೂರ ಇಡುವುದಕ್ಕೆ ಬಳಕೆಯಾಗುತ್ತದೆ. ಮೂಲದಲ್ಲಿ ಅದರ ಅರ್ಥ ನಂಬಿ ಒಪ್ಪಿಸಿದ ವಸ್ತು. ಒಪ್ಪಿಸಿದ ವಸ್ತು ಇಟ್ಟುಕೊಂಡವನ ಸ್ವತ್ತಾಗುವುದಿಲ್ಲ. ಅದನ್ನು ಹಾಗೆಯೇ ಹಿಂದಿರುಗಿಸಬೇಕು. ಹಗ್ಗದ ತುದಿಯಲ್ಲಿರುವ ಜೀವವೂ ಹಾಗೆಯೇ. ನಂಬಿದವನ ಮೇಲೆ ಮಾರ್ಗದರ್ಶಕನಿಗೆ ಒಡೆತನವಿಲ್ಲ. ಇರುವುದು ಅವನನ್ನು ಸಂಜೆಗೆ ಮನೆಯವರಿಗೆ ಮರಳಿಸುವ ಹೊಣೆ ಮಾತ್ರ.

ಹೊಣೆ ಒಂದೇ ಕಡೆಯದ್ದಲ್ಲ. ಹತ್ತುವವನಿಗೂ ಕೆಲವು ಕರ್ತವ್ಯಗಳಿವೆ. ತನ್ನ ಶಕ್ತಿಯ ಬಗ್ಗೆ ಸುಳ್ಳು ಹೇಳಬಾರದು. ದುಡ್ಡು ಕೊಟ್ಟಿದ್ದೇನೆಂದು ಒತ್ತಾಯಿಸಬಾರದು. ಗೊತ್ತಿಲ್ಲದ್ದನ್ನು ಕೇಳಬೇಕು. ಹೊರಡುವ ಮುನ್ನ ಒಬ್ಬರ ಗಂಟನ್ನು ಇನ್ನೊಬ್ಬರು ಪರೀಕ್ಷಿಸುವುದು ಶಿಲಾರೋಹಣದ ಪದ್ಧತಿ. ಇಪ್ಪತ್ತು ವರ್ಷ ಅನುಭವವಿರುವವನ ಗಂಟನ್ನೂ ಇಂದು ಬೆಳಿಗ್ಗೆ ಕಲಿತವನು ನೋಡುತ್ತಾನೆ. ಅದರಿಂದ ಹಿರಿಯನಿಗೆ ಅವಮಾನವಾಗುವುದಿಲ್ಲ. "ನನ್ನನ್ನೇ ಸಂಶಯಿಸುತ್ತೀಯಾ?" ಎಂದು ಕೇಳುವ ಮಾರ್ಗದರ್ಶಕನ ಹಗ್ಗಕ್ಕೆ ಕಟ್ಟಿಕೊಳ್ಳದಿರುವುದೇ ಲೇಸು. ನಂಬಿಕೆಗೂ ಕುರುಡು ಶರಣಾಗತಿಗೂ ಇರುವ ಅಂತರ ಇದೇ. ನಂಬಿಕೆ ಪ್ರಶ್ನೆಗೆ ಹೆದರುವುದಿಲ್ಲ.

ಇಳಿಯುವ ದಾರಿಯಲ್ಲಿ ಈ ಮಾತು ಇನ್ನಷ್ಟು ನಿಜವಾಗುತ್ತದೆ. ಹಿಂದೆ ಬಂದವರು ಹಗ್ಗ ಕಟ್ಟಿ ಇಳಿಯಲು ಬಳಸಿದ ನೈಲಾನ್ ಪಟ್ಟಿಗಳು ಬಂಡೆಗಳಲ್ಲಿ ಹಾಗೇ ಉಳಿದಿರುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳು ನೈಲಾನಿನ ಬಲವನ್ನು ತಿಂದುಹಾಕುತ್ತವೆ. ನೋಡಲು ಪಟ್ಟಿ ಇದ್ದೇ ಇದೆ, ಹೊರುವ ಶಕ್ತಿ ಇಲ್ಲ. ಬಲ್ಲವನು ಹಳೆಯ ಪಟ್ಟಿಯನ್ನು ಕಂಡು ಇಲ್ಲಿಂದ ಇಳಿದವರಿದ್ದಾರೆಂದು ತಿಳಿಯುತ್ತಾನೆ, ಆ ಮಾಹಿತಿಗಾಗಿ ಅವರಿಗೆ ಕೃತಜ್ಞನಾಗುತ್ತಾನೆ. ಆದರೆ ಪರೀಕ್ಷಿಸದೆ ಅದಕ್ಕೆ ಭಾರ ಹಾಕುವುದಿಲ್ಲ. ಬೇಕಾದರೆ ಹೊಸದನ್ನು ಕಟ್ಟುತ್ತಾನೆ. ಹಿರಿಯರು ಬಿಟ್ಟುಹೋದದ್ದನ್ನೆಲ್ಲ ಕಿತ್ತೆಸೆಯಬೇಕೆನ್ನುವವರೂ, ಹಿರಿಯರು ಕಟ್ಟಿದ್ದೆಂಬ ಒಂದೇ ಕಾರಣಕ್ಕೆ ಅದಕ್ಕೇ ಜೋತುಬೀಳುವವರೂ ನಮ್ಮ ಎಲ್ಲ ಸಮುದಾಯಗಳಲ್ಲಿಯೂ ಇದ್ದಾರೆ. ಇಬ್ಬರಿಗೂ ಬಂಡೆಯಿಂದ ಕಲಿಯಲಿಕ್ಕಿದೆ.

ನಮ್ಮ ಬಾದಾಮಿಯ ಕೆಂಪು ಬಂಡೆಗಳೂ ಮರಳುಗಲ್ಲೇ. ಅಲ್ಲಿಯೂ ದೇಶದ ನಾನಾ ಕಡೆಯ ಯುವಕ ಯುವತಿಯರು ಹಗ್ಗ ಕಟ್ಟಿ ಹತ್ತುತ್ತಾರೆ. ಆದರೆ ಬಂಡೆ ಹತ್ತದವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ನಾವೆಲ್ಲರೂ ಯಾವುದೋ ಒಂದು ಹಗ್ಗದ ತುದಿಯಲ್ಲಿದ್ದೇವೆ. ಒಂದು ಕಡೆ ನಂಬುವವರಾಗಿ, ಇನ್ನೊಂದು ಕಡೆ ನಂಬಿಕೆಗೆ ಪಾತ್ರರಾಗಿ. ಮಗುವಿಗೆ, ರೋಗಿಗೆ, ವಿದ್ಯಾರ್ಥಿಗೆ, ಮತದಾರನಿಗೆ, ಧರ್ಮದ ಮಾತು ಕೇಳಲು ಬಂದವನಿಗೆ ದಾರಿ ತೋರಿಸುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಅಪಾಯದಲ್ಲಿ ನಾನು ಮುಂದಿದ್ದೇನೆಯೇ? ನನ್ನ ಗಂಟನ್ನು ಅವರು ಪರೀಕ್ಷಿಸಲು ಬಿಟ್ಟಿದ್ದೇನೆಯೇ? ನಷ್ಟವಾದರೂ ಸರಿ, ಇಂದು ಬೇಡ ಎಂದು ಹೇಳಬಲ್ಲೆನೇ? ಈ ಮೂರಕ್ಕೂ ಹೌದು ಎನ್ನಲಾಗದವನು ಹಗ್ಗವನ್ನು ಬೇರೆಯವರ ಕೈಗೆ ಕೊಡುವುದು ಒಳ್ಳೆಯದು.