ಆನೆಗೆ ಬೆಲೆ ಕಟ್ಟಿದವರು

‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ಗಾದೆಯನ್ನು ಶ್ರದ್ಧಾಂಜಲಿ ಸಭೆಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ದೊಡ್ಡವರ ಕೀರ್ತಿಗೆ ಸಾವಿಲ್ಲವೆಂದು ಅರ್ಥ ಹೇಳಿ ಭಾಷಣಕಾರರು ಕೂರುತ್ತಾರೆ. ಸೋತು ಮೂಲೆ ಸೇರಿದ ಸಾಹುಕಾರನಿಗೂ ಇದನ್ನೇ ಅಂಟಿಸುವವರಿದ್ದಾರೆ. ಎರಡೂ ಬರಿಯ ಸಭಾಮರ್ಯಾದೆ. ಗಾದೆಯ ಒಳಗಿರುವುದು ಅಪ್ಪಟ ವ್ಯಾಪಾರಿಯ ಲೆಕ್ಕ: ಬದುಕಿದ್ದರೆ ದುಡಿಮೆ, ಸತ್ತರೆ ದಂತ. ಎರಡು ಸಲವೂ ಬೆಲೆ ಕಟ್ಟುವವನು ಕೊಳ್ಳುವವನೇ. ಆನೆಯನ್ನು ಕೇಳಿದವರಿಲ್ಲ.

ಚಾರ್ಲ್ಸ್ ಬರ್ನ್‌ನನ್ನೂ ಯಾರೂ ಕೇಳಲಿಲ್ಲ. ಕೇಳದೆಯೇ ಅವನು ಹೇಳಿದ್ದನೆಂಬುದು ಇನ್ನೂ ಕೆಟ್ಟದ್ದು. ಏಳೂವರೆ ಅಡಿಗೂ ಎತ್ತರದ ಈ ಐರಿಷ್ ಯುವಕ 1782ರಲ್ಲಿ ಲಂಡನ್ನಿಗೆ ಬಂದು, ತನ್ನ ಮೈಯನ್ನೇ ಪ್ರದರ್ಶನಕ್ಕಿಟ್ಟು ಹೊಟ್ಟೆ ಹೊರೆದ. ಮರುವರ್ಷ, 22ನೇ ವಯಸ್ಸಿನಲ್ಲಿ ಸತ್ತ. ಅಂಗರಚನಾ ತಜ್ಞರ ಕಣ್ಣು ತನ್ನ ಮೇಲಿದೆಯೆಂದು ಬಲ್ಲ ಅವನು ಶವವನ್ನು ಸಮುದ್ರದಲ್ಲಿ ಮುಳುಗಿಸಿರೆಂದು ಗೆಳೆಯರನ್ನು ಬೇಡಿಕೊಂಡಿದ್ದ. ಶಸ್ತ್ರವೈದ್ಯ ಜಾನ್ ಹಂಟರ್ ಹಣ ಚೆಲ್ಲಿ ಶವ ತರಿಸಿಕೊಂಡ. ಐನೂರು ಪೌಂಡ್ ಎಂದು ಪ್ರತೀತಿ. ದೇಹವನ್ನು ಕುದಿಸಿ ಮೂಳೆ ಬೇರ್ಪಡಿಸಿದ. ಆ ಅಸ್ಥಿಪಂಜರ ಎರಡು ಶತಮಾನ ಗಾಜಿನ ಕಪಾಟಿನಲ್ಲಿ ನಿಂತಿತು.

ವಿಜ್ಞಾನಕ್ಕೆ ಲಾಭವಾಗಲಿಲ್ಲವೆ? ಆಯಿತು. 1909ರಲ್ಲಿ ಮಿದುಳಿನ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ತಲೆಬುರುಡೆ ತೆರೆಸಿ, ಮೈಯ ಬೆಳವಣಿಗೆಯನ್ನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿಯ ಕುಳಿ ಹಿಗ್ಗಿದ್ದನ್ನು ಕಂಡ. 2011ರಲ್ಲಿ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಸಿಕ್ಕ ಜೀನ್ ದೋಷ ಇಂದಿನ ಉತ್ತರ ಐರ್ಲೆಂಡಿನ ಕೆಲವು ಕುಟುಂಬಗಳಲ್ಲೂ ಇದೆ. ಆದರೆ ಲಾಭ ತೋರಿಸಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಲ್ಲ.

ಅಸ್ಥಿಪಂಜರವನ್ನು ಇಟ್ಟುಕೊಂಡಿದ್ದ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಹಂಟೇರಿಯನ್ ಮ್ಯೂಸಿಯಂ 2023ರಲ್ಲಿ ಮತ್ತೆ ತೆರೆದಾಗ ಬರ್ನ್ ಕಪಾಟಿನಲ್ಲಿರಲಿಲ್ಲ. ಸಮುದ್ರಕ್ಕೂ ಹೋಗಿರಲಿಲ್ಲ, ಮೂಳೆಗಳನ್ನು ಸಂಶೋಧನೆಗೆಂದು ಒಳಗಿಟ್ಟುಕೊಂಡರು. ಜನರ ಕಣ್ಣಿಂದ ಮರೆಮಾಡಿ ಸಭ್ಯರಾಗುವುದು ಸುಲಭದ ದಾರಿ.

ಬರ್ನ್‌ಗೆ ಹೆಸರಾದರೂ ಇದೆ. 1985ರಲ್ಲಿ ಸರ್ಕಾರ ನಿಷೇಧಿಸುವವರೆಗೆ ಭಾರತದಿಂದ, ಮುಖ್ಯವಾಗಿ ಕೋಲ್ಕತ್ತದಿಂದ, ಪಶ್ಚಿಮದ ವೈದ್ಯಕೀಯ ಕಾಲೇಜುಗಳಿಗೆ ಅಸ್ಥಿಪಂಜರಗಳು ರಫ್ತಾಗುತ್ತಿದ್ದವು. ಹೆಚ್ಚಿನವು ಬಡವರದ್ದು, ವಾರಸುದಾರರಿಲ್ಲದವರದ್ದು. ಇದ್ದಾಗ ಮೂರು ಕಾಸಿಗೂ ಯಾರೂ ಕೇಳದವರಿಗೆ ಗಾದೆಯ ಎರಡನೆಯ ಅರ್ಧ ಮಾತ್ರ ದಕ್ಕಿತು, ಅದರ ಹಣವೂ ದಲ್ಲಾಳಿಯ ಪಾಲಿಗೆ. ಅವರ ಇಚ್ಛೆಯೇನಿತ್ತೆಂದು ಇಂದು ಪತ್ತೆ ಹಚ್ಚುವಂತಿಲ್ಲ. ಬರ್ನ್‌ನದು ಗೊತ್ತಿದೆ, ಡಿಎನ್‌ಎ ಕೂಡ ಪ್ರಯೋಗಾಲಯ ಸೇರಿದೆ. ಮೂಳೆಗಳನ್ನು ಇನ್ನೂ ಹಿಡಿದಿಟ್ಟುಕೊಳ್ಳಲು ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಕೊಡುವ ಕಾರಣ ಮುಂದೆ ನಡೆಯಬಹುದಾದ ಸಂಶೋಧನೆಯೊಂದೇ.