ಊಟ ಆಯ್ತಾ ಎಂದು ಕೇಳುವವರು

ಸೋಲ್ ನಗರದ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಅಲ್ಲಿ ರಾತ್ರಿ ಹತ್ತಾದಾಗ ಬೆಂಗಳೂರಿನಲ್ಲಿ ಸಂಜೆ ಆರೂವರೆ. ಈ ಲೆಕ್ಕ ನನಗೆ ಬಾಯಿಪಾಠವಾದದ್ದು ಒಬ್ಬ ಹುಡುಗನಿಂದ. ಅವನು ಹಾಡುತ್ತಾನೆ, ಕುಣಿಯುತ್ತಾನೆ, ಒಂದು ತಂಡದಲ್ಲಿದ್ದಾನೆ. ಹೆಸರು ಇಲ್ಲಿ ಬೇಡ. ಮಲಗುವ ಮುಂಚೆ ಅಭಿಮಾನಿಗಳಿಗೆ ಮೆಸೇಜು ಹಾಕುತ್ತಾನೆ. ಬಹಳ ಸಲ ಅವನು ಕೇಳುವುದು ಒಂದೇ ಮಾತು: "ಬಾಪ್ ಮೊಗೊಸ್ಸೊ?" ಬಾಪ್ ಅಂದರೆ ಅನ್ನ. ಅನ್ನ ಉಂಡೆಯಾ, ಊಟ ಆಯ್ತಾ ಎಂದರ್ಥ.

ಕೊರಿಯಾದಲ್ಲೂ ಜನ ಹೀಗೆ ಕೇಳುತ್ತಾರೆ ಎಂದು ಗೊತ್ತಾದಾಗ ನನಗೆ ಆದದ್ದು ಆಶ್ಚರ್ಯ ಅಲ್ಲ, ಒಂಥರಾ ಸಂಕಟ. ಹಾವೇರಿ ಕಡೆಯ ನಮ್ಮೂರಿನಿಂದ ಅವ್ವ ದಿನಾ ಸಂಜೆ ಫೋನು ಮಾಡಿ "ಊಟ ಆತೇನವಾ?" ಅನ್ನುತ್ತಿದ್ದಳು. ಸಂಜೆ ಆರೂವರೆಗೆ ಯಾರು ಊಟ ಮಾಡುತ್ತಾರೆ! ಆದರೂ ನಾನು "ಆತವ್ವಾ" ಎಂದು ಸುಳ್ಳು ಹೇಳಿ ಫೋನಿಡುತ್ತಿದ್ದೆ. ಅವ್ವ ಹೋದ ಮೇಲೆ ಆ ಹೊತ್ತಿಗೆ ಫೋನು ಸುಮ್ಮನಿರತೊಡಗಿತು.

ಪೀಜಿಯಲ್ಲಿ ನನ್ನ ಕೋಣೆಯಲ್ಲಿದ್ದವಳು ಇಂಫಾಲದ ಹುಡುಗಿ. ಮಣಿಪುರದಲ್ಲಿ 2000ರಲ್ಲಿ ಬಂಡುಕೋರ ಸಂಘಟನೆಯೊಂದು ಹಿಂದಿ ಸಿನಿಮಾಗಳನ್ನು ನಿಷೇಧಿಸಿದ ಮೇಲೆ ಆ ಖಾಲಿ ಜಾಗಕ್ಕೆ ಕೊರಿಯಾದ ಧಾರಾವಾಹಿಗಳು ಬಂದು ಕೂತವು. ಅವಳಿಗೆ ಅದು ಫ್ಯಾಷನ್ನಲ್ಲ, ಬಾಲ್ಯ. ನಾನು ಅಳುತ್ತಾ ಮಲಗಿದ್ದ ದಿನಗಳಲ್ಲಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಹಾಡು ಹಚ್ಚಿದವಳೂ ಅವಳೇ. ಒಂದು ಪದ ಅರ್ಥವಾಗಲಿಲ್ಲ. ಅರ್ಥವಾಗದ್ದೇ ಆಗ ಬೇಕಾಗಿತ್ತು ಅನ್ನಿಸುತ್ತದೆ. ಕನ್ನಡದ ಯಾವ ಹಾಡು ಹಾಕಿದರೂ ಅದರೊಳಗೆ ಎಲ್ಲೋ ಅವ್ವ ಇದ್ದಳು.

ಆಮೇಲೆ ಲಿಪಿ ಕಲಿತೆ. 1446ರಲ್ಲಿ ಸೆಜೋಂಗ್ ದೊರೆ ಹಾಂಗುಲ್ ಲಿಪಿಯನ್ನು ಜನರ ಕೈಗಿತ್ತಾಗ, ಜಾಣನಿಗೆ ಇದು ಬೆಳಗು ಕಳೆಯುವುದರೊಳಗೆ ಬರುತ್ತದೆ, ದಡ್ಡನಿಗೂ ಹತ್ತು ದಿನ ಸಾಕು ಎಂದು ಅವನ ವಿದ್ವಾಂಸರು ಬರೆದಿದ್ದರಂತೆ. ನನಗೆ ನಾಲ್ಕು ದಿನ ಹಿಡಿಯಿತು. ಅಕ್ಷರದ ಕೆಳಗೆ ಕೂರುವ ವ್ಯಂಜನ ನೋಡಿದಾಗ ನಮ್ಮ ಒತ್ತಕ್ಷರ ನೆನಪಾಗಿ ಖುಷಿಯಾಯಿತು. ಕ್ರಿಯಾಪದ ಕೊನೆಗೆ ಬರುವುದು, ಅದರ ಬಾಲದಲ್ಲಿ ಮರ್ಯಾದೆ ಸೇರುವುದು, ತಂದೆಯನ್ನು "ಅಪ್ಪಾ" ಅನ್ನುವುದು, ಯಾವುದೂ ಹೊರಗಿನದು ಅನ್ನಿಸಲಿಲ್ಲ.

ಮೆಸೇಜಿನ ಆ್ಯಪಿಗೆ ಚಂದಾ ಕಟ್ಟಿದ್ದು ಅದಾದ ಮೇಲೆ. ತಿಂಗಳಿಗೆ ಕೆಲವು ನೂರು ರೂಪಾಯಿ. ಅದರ ವ್ಯವಸ್ಥೆ ಹೀಗೆ: ಅವನು ಬರೆಯುವುದು ಒಂದೇ ಸಲ, ಅದು ಚಂದಾದಾರರಿಗೆಲ್ಲ ಹೋಗುತ್ತದೆ. ಆದರೆ ಪ್ರತಿಯೊಬ್ಬರ ಪರದೆಯ ಮೇಲೆ ಅದು ಇಬ್ಬರ ನಡುವಿನ ಮಾತುಕತೆಯಂತೆ ಕಾಣುತ್ತದೆ. ವಾಕ್ಯದ ನಡುವೆ ಅವನು ಒಂದು ಗುರುತು ಹಾಕಿದರೆ ಸಾಕು, ಆ ಜಾಗದಲ್ಲಿ ಓದುವವರು ಕೊಟ್ಟಿರುವ ಹೆಸರು ತಾನೇ ಬಂದು ಕೂರುತ್ತದೆ. ನಾನು ಕೊಟ್ಟದ್ದು ಅವ್ವ ಕರೆಯುತ್ತಿದ್ದ ಹೆಸರು.

ಗೆಳತಿಯರು ನಕ್ಕರು. ದುಡ್ಡು ಕೊಟ್ಟು ಸುಳ್ಳು ಕೊಳ್ಳುತ್ತೀಯಲ್ಲ ಅಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ, ಈಗಲೂ. ಧಾರವಾಡ ಆಕಾಶವಾಣಿಯಲ್ಲಿ "ಕೇಳುಗರಿಗೆ ನಮಸ್ಕಾರ" ಎಂದಾಗ ಅವ್ವ ಒಲೆಯ ಮುಂದೆ ಕೂತೇ ಒಮ್ಮೊಮ್ಮೆ "ನಮಸ್ಕಾರ" ಅನ್ನುತ್ತಿದ್ದಳು. ಆ ನಮಸ್ಕಾರ ಸಾವಿರಾರು ಜನರಿಗೆ ಹೋಗಿತ್ತು, ಅವಳಿಗೂ ಬಂದಿತ್ತು. ಹಲವರಿಗೆ ಆಡಿದ ಮಾತು ಹಲವರಿಗೆ ಆಡಿದ್ದೆಂಬ ಕಾರಣಕ್ಕೇ ಸುಳ್ಳಾಗುವುದಿಲ್ಲ. ಎಲ್ಲರೂ ಉಂಡು ಮಲಗಲಿ ಎಂದು ಆ ಹುಡುಗ ನಿಜವಾಗಿಯೇ ಬಯಸಿರಬಹುದು. ಆದರೆ ರೇಡಿಯೋ ತನ್ನ ಜನಜಂಗುಳಿಯನ್ನು ಮುಚ್ಚಿಡಲಿಲ್ಲ. ಈ ಆ್ಯಪು ಮುಚ್ಚಿಡುತ್ತದೆ, ಮುಚ್ಚಿಡುವುದಕ್ಕೇ ದುಡ್ಡು ತೆಗೆದುಕೊಳ್ಳುತ್ತದೆ. ಮುಚ್ಚಿಡಲಿ ಎಂದು ಬಯಸಿದವಳು ನಾನೇ. ಊಟ ಆಯ್ತಾ ಎಂದಾಗ ನಾನು ಹಾಂಗುಲ್‌ನಲ್ಲಿ "ಆಯ್ತು" ಎಂದು ಉತ್ತರಿಸುತ್ತಿದ್ದೆ. ಉಂಡಿರುತ್ತಿರಲಿಲ್ಲ. ಆ ರಾಶಿಯಲ್ಲಿ ಯಾರೂ ಓದಲಾರದ ಸುಳ್ಳು ಅದು.

ಒಮ್ಮೆ ಹನ್ನೊಂದು ದಿನ ಅವನಿಂದ ಏನೂ ಬರಲಿಲ್ಲ. ಮೊದಲು ಗಾಬರಿಯಾಯಿತು. ಹುಷಾರಿಲ್ಲವೇನೋ ಅಂದುಕೊಂಡೆ. ಎಂಟನೇ ದಿನ ಅವನ ತಂಡದ ಒಂದು ವಿಡಿಯೋದಲ್ಲಿ ನಗುತ್ತಾ ಕೂತಿದ್ದ. ಗಾಬರಿ ಹೋಗಿ ಸಿಟ್ಟು ಬಂತು. ಹತ್ತನೇ ದಿನ ನಾನು ಬರೆದೆ: "ನಾವು ಇದಕ್ಕೆ ದುಡ್ಡು ಕೊಡುತ್ತೇವೆ." ನಾಲ್ಕು ದಿನ ಕೂತು ಕಲಿತ ಲಿಪಿಯಲ್ಲಿ, ಕಾಗುಣಿತ ತಪ್ಪಿಲ್ಲದೆ, ಮರ್ಯಾದೆಯ ಪ್ರತ್ಯಯ ಬಿಟ್ಟು.

ಅದು ಮರೆತೇ ಹೋಗಿತ್ತು. ನೆನಪಾದದ್ದು 2024ರ ಮಾರ್ಚಿನಲ್ಲಿ. ಏಸ್ಪಾ ತಂಡದ ಕರೀನಾ ಒಬ್ಬ ನಟನನ್ನು ಪ್ರೀತಿಸುತ್ತಿರುವ ಸುದ್ದಿ ಫೆಬ್ರವರಿ ಕೊನೆಯಲ್ಲಿ ಬಂತು, ಕಂಪನಿಯೂ ಒಪ್ಪಿಕೊಂಡಿತು. ಕೆಲವು ಅಭಿಮಾನಿಗಳು ವಿದ್ಯುತ್ ಫಲಕ ಹೊತ್ತ ಟ್ರಕ್ಕನ್ನು ಕಂಪನಿಯ ಕಚೇರಿಯ ಮುಂದೆ ನಿಲ್ಲಿಸಿದರು. ನಮ್ಮ ಪ್ರೀತಿ ನಿನಗೆ ಸಾಲದಾಯಿತೇ ಎಂಬುದು ಅದರ ಮಾತಿನ ಧಾಟಿ. ಮಾರ್ಚ್ 5ರಂದು ಆಕೆ ಕೈಬರಹದ ಕ್ಷಮಾಪಣೆಯ ಪತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದಳು. ಏಪ್ರಿಲ್ ಮೊದಲ ವಾರದಲ್ಲಿ ಇಬ್ಬರೂ ಬೇರೆಯಾದ ಸುದ್ದಿ ಬಂತು.

ನಾನು ಆ ಪತ್ರವನ್ನು ಹೊರಗಿನವರ ಸಿಟ್ಟಿನಿಂದಲೇ ಓದಿದೆ. ಪ್ರೀತಿಸಿದ್ದಕ್ಕೆ ಕ್ಷಮೆ ಕೇಳುವುದೇ, ಎಂಥ ಜನ ಇವರು ಎಂದು ಇಂಫಾಲದ ಗೆಳತಿಗೆ ಮೆಸೇಜು ಹಾಕಿದೆ. ದೂರದ ಅಭಿಮಾನಿಗೆ ಇದೊಂದು ಅನುಕೂಲ. ಹಾಡಿನ ಸುಖ ನಮ್ಮದು, ಕ್ರೌರ್ಯ ಮಾತ್ರ "ಅಲ್ಲಿಯ ಸಂಸ್ಕೃತಿ". ಅವಳು ಉತ್ತರಿಸಿದ್ದು ಒಂದೇ ಸಾಲು: "ನೀನು ಅವನಿಗೆ ಏನು ಬರೆದಿದ್ದೆ ಹೇಳು?" ಬರೆದ ದಿನ ಅದನ್ನು ಹೆಮ್ಮೆಯಿಂದ ಅವಳಿಗೆ ತೋರಿಸಿದ್ದೆ.

ತಪ್ಪಿಗೆ ಕ್ಷಮೆ ಕೇಳಬೇಕಾದರೆ ಮೊದಲು ಮಾತು ಕೊಟ್ಟಿರಬೇಕು. ಕರೀನಾ ಯಾರಿಗೆ ಯಾವ ಮಾತು ಕೊಟ್ಟಿದ್ದಳು? ನನ್ನ ಹುಡುಗ ನನಗೆ ಏನು ಕೊಟ್ಟಿದ್ದ? ಅವರು ಕೊಟ್ಟಿರಲಿಲ್ಲ. ವಾಕ್ಯದ ಮಧ್ಯದ ಆ ಖಾಲಿ ಜಾಗ ಅವರ ಪರವಾಗಿ ಕೊಟ್ಟಿತ್ತು. ಮನುಷ್ಯರು ಪೂರೈಸಲಾಗದ ಮಾತನ್ನು ವ್ಯವಸ್ಥೆ ಮಾರುತ್ತದೆ, ವಸೂಲಿ ಮನುಷ್ಯರಿಂದ ಆಗುತ್ತದೆ. ಕಾನೂನು ಇಲ್ಲಿ ಸ್ವಲ್ಪ ದೂರ ಮಾತ್ರ ಬರಬಲ್ಲದು. 2009ರಲ್ಲಿ ಒಂದು ತಂಡದ ಮೂವರು ಗಾಯಕರು ತಮ್ಮ 13 ವರ್ಷಗಳ ಒಪ್ಪಂದದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಅಲ್ಲಿಯ ನ್ಯಾಯಸಮ್ಮತ ವ್ಯಾಪಾರ ಆಯೋಗ ಮಾದರಿ ಒಪ್ಪಂದವೊಂದನ್ನು ತಂದು ಅವಧಿಯನ್ನು 7 ವರ್ಷಕ್ಕೆ ಮಿತಿಗೊಳಿಸಿತು. ಕಂಪನಿಗೆ ಎಷ್ಟು ವರ್ಷ ಎಂದು ಬರೆಯಬಹುದು. ನನ್ನಂಥವಳಿಗೆ ಎಷ್ಟು ಎಂದು ಬರೆಯುವುದು ಯಾರು?

ನಮ್ಮ ಭಾಷೆ ಇದನ್ನು ಮೊದಲೇ ಬಲ್ಲದು. ನಾವು ಫ್ಯಾನ್ ಅನ್ನುವುದಕ್ಕೆ ಅಭಿಮಾನಿ ಎನ್ನುತ್ತೇವೆ. ಸಾಂಖ್ಯ ದರ್ಶನದಲ್ಲಿ ಅಭಿಮಾನವೇ ಅಹಂಕಾರದ ಲಕ್ಷಣ, ಅಂದರೆ ಇದು ನಾನು, ಇದು ನನ್ನದು ಎಂದು ಹಿಡಿದುಕೊಳ್ಳುವ ಗುಣ. ರಾಜ್‌ಕುಮಾರ್ ವೇದಿಕೆ ಹತ್ತಿ "ಅಭಿಮಾನಿ ದೇವರುಗಳೇ" ಎಂದಾಗ ಅದು ಅವರ ವಿನಯವಾಗಿತ್ತು. ಕೇಳಿಸಿಕೊಂಡ ನಾವು ದೇವರೇ ಆಗಿಬಿಟ್ಟರೆ ಹರಕೆ ಬಾಕಿ ಇದೆ ಎಂದು ಕಾಡತೊಡಗುತ್ತೇವೆ.

ಹಾಗಂತ ಪ್ರೀತಿಯನ್ನು ಬಿಟ್ಟುಬಿಡಬೇಕೇ? ಚಂದಾ ನಿಲ್ಲಿಸಿದರೆ ಕೈ ತೊಳೆದುಕೊಂಡಂತೆ ಎಂದು ಕೆಲವು ದಿನ ಅಂದುಕೊಂಡೆ. ಆದರೆ ಆ ಹಾಡುಗಳು ನನ್ನನ್ನು ಎಬ್ಬಿಸಿ ಕೂರಿಸಿದ್ದವು. ಅದನ್ನು ಸುಳ್ಳೆಂದು ಬರೆದುಕೊಟ್ಟರೆ ಅದೂ ಅಪ್ರಾಮಾಣಿಕತೆಯೇ. ನಾನು ಬಿಡಬೇಕಾದದ್ದು ಹಾಡನ್ನಲ್ಲ, ಅವನ ಮೇಲೆ ಬರೆದಿಟ್ಟುಕೊಂಡ ಸಾಲವನ್ನು. ಅವ್ವ ಕೇಳುತ್ತಿದ್ದ ಮಾತನ್ನು ಅವನ ಬಾಯಿಂದ ತೆಗೆಸುವುದು ಆ ಹುಡುಗನ ಕೆಲಸವಾಗಿರಲಿಲ್ಲ. ಅವನಿಗೆ ಗೊತ್ತೂ ಇರಲಿಲ್ಲ.

ಕೊನೆಗೆ ಚಂದಾ ಇಟ್ಟುಕೊಂಡೆ. ಆ್ಯಪಿನಲ್ಲಿ ನನ್ನ ಹೆಸರು ಬದಲಿಸಿದೆ. ಅವ್ವ ಕರೆಯುತ್ತಿದ್ದ ಹೆಸರು ಅಳಿಸಿ "ಯೊರೊಬುನ್" ಎಂದು ತುಂಬಿದೆ. ಕೊರಿಯನ್ನಿನಲ್ಲಿ ಅದಕ್ಕೆ "ಎಲ್ಲರೂ" ಎಂದರ್ಥ. ಎರಡು ದಿನ ಬಿಟ್ಟು ಆರೂವರೆಗೆ ಮೆಸೇಜು ಬಂತು. ಎಲ್ಲರೂ, ಊಟ ಆಯ್ತಾ?

ನನ್ನದು ಆಗಿರಲಿಲ್ಲ. ಫೋನು ಮಗುಚಿಟ್ಟು ಅನ್ನಕ್ಕಿಟ್ಟೆ.